ಗಾಳಿ ನೋಡಿ ನೀರಿಗಿಳಿಯಿರಿ

ಕೆರಿಬಿಯನ್ನಿನ ಬ್ರಿಟಿಷ್ ವರ್ಜಿನ್ ದ್ವೀಪಗಳಿಗೆ ಹೋಗಿ, ಟಾರ್ಟೋಲಾದ ರೋಡ್ ಟೌನ್‌ನಿಂದ ಒಂದು ದಿನದ ಮಟ್ಟಿಗೆ ಹಾಯಿದೋಣಿ ಗೊತ್ತುಮಾಡಿಕೊಂಡವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ. ಇಂಡಿಯನ್ಸ್ ಎಂಬ ಬಂಡೆಗಳು, ನಾರ್ಮನ್ ದ್ವೀಪದ ಗುಹೆಗಳು, ಮುಳುಗಿದ ರೋನ್ ಹಡಗು, ವರ್ಜಿನ್ ಗೋರ್ಡಾದ ಬಾತ್ಸ್. ನಾಲ್ಕೂ ಸೊಗಸಾದ ಜಾಗಗಳೇ, ಆದರೆ ನಾಲ್ಕೂ ಒಂದೇ ದಿನ ಸೊಗಸಾಗಿರುವುದು ಅಪರೂಪ. ಮಾಸ್ಕ್ ಹಾಕಿಕೊಂಡು ತಲೆ ಬಗ್ಗಿಸಿದಾಗ ಹವಳ ಕಾಣುತ್ತದೋ ಬರೀ ಮಬ್ಬು ಕಾಣುತ್ತದೋ ಎಂಬುದನ್ನು ಅಂದಿನ ಗಾಳಿ, ದೂರದಿಂದ ಬಂದ ಅಲೆ ಮತ್ತು ಸೂರ್ಯನ ಎತ್ತರ ತೀರ್ಮಾನಿಸುತ್ತವೆ. ಜಾಗದ ಹೆಸರು ಆಮೇಲಿನ ಮಾತು.

ಇಲ್ಲಿ ವರ್ಷದ ಬಹುಪಾಲು ವಾಣಿಜ್ಯ ಮಾರುತ ಪೂರ್ವದಿಂದ ಬೀಸುತ್ತದೆ. ಚಳಿಗಾಲದಲ್ಲಿ ಈಶಾನ್ಯಕ್ಕೆ, ಬೇಸಿಗೆಯಲ್ಲಿ ಆಗ್ನೇಯಕ್ಕೆ ಸ್ವಲ್ಪ ವಾಲುತ್ತದೆ. ಡಿಸೆಂಬರ್ ಕೊನೆಯ ಹೊತ್ತಿಗೆ ಅದು ಬಲಗೊಳ್ಳುವುದರಿಂದ ನಾವಿಕರು ಅದನ್ನು ಕ್ರಿಸ್‌ಮಸ್ ಗಾಳಿ ಎನ್ನುತ್ತಾರೆ. ಹಾಗಾಗಿ ದ್ವೀಪಗಳ ಪಶ್ಚಿಮ ಮಗ್ಗುಲಲ್ಲಿ ಗಾಳಿಮರೆ ಸಿಗುತ್ತದೆ, ನೀರು ತಿಳಿಯಾಗಿರುತ್ತದೆ. ಹಾಯಿದೋಣಿಗೆ ಇದರಿಂದ ಇನ್ನೊಂದು ಲೆಕ್ಕವೂ ಹುಟ್ಟುತ್ತದೆ. ನಾರ್ಮನ್ ದ್ವೀಪ ರೋಡ್ ಟೌನ್‌ನ ದಕ್ಷಿಣಕ್ಕೆ ಸುಮಾರು 12 ಕಿ.ಮೀ. ದೂರದಲ್ಲಿದೆ. ಹೋಗುವಾಗಲೂ ಬರುವಾಗಲೂ ಗಾಳಿ ಪಕ್ಕದಿಂದಲೇ ಬೀಸುವುದರಿಂದ ಒಂದು ಗಂಟೆ, ಸ್ವಲ್ಪ ಹೆಚ್ಚು ಹಿಡಿದರೆ ಸಾಕು. ಬಾತ್ಸ್ ಇರುವುದು ಪೂರ್ವಕ್ಕೆ, ಗಾಳಿಗೆ ನೇರ ಎದುರು. ಹಾಯಿ ಬಿಚ್ಚಿಯೇ ಹೋಗಬೇಕೆಂದರೆ ಅಂಕುಡೊಂಕಾಗಿ ಸಾಗಬೇಕು, ಅರ್ಧ ಹಗಲು ದಾರಿಯಲ್ಲೇ ಕಳೆಯುತ್ತದೆ. ಮೂರು ಜಾಗ ನೋಡಬೇಕೆನ್ನುವವರು ಆ ದಿಕ್ಕಿಗೆ ಹೋಗದಿರುವುದೇ ಮೇಲು.

ಗಾಳಿಮರೆಯೊಂದೇ ಸಾಲದು. ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್‌ನಲ್ಲಿ ಎದ್ದ ಬಿರುಗಾಳಿಯ ಅಲೆಗಳು ಎರಡು ಮೂರು ದಿನ ಪಯಣಿಸಿ ಇಲ್ಲಿಗೆ ಬರುತ್ತವೆ. ಅಂದು ಇಲ್ಲಿ ಆಕಾಶ ಸ್ವಚ್ಛವಾಗಿರಬಹುದು, ಗಾಳಿಯೂ ಮೆಲ್ಲಗಿರಬಹುದು. ಇಂಥ ಅಲೆಯ ಗುಟ್ಟು ಅದರ ಎತ್ತರದಲ್ಲಿಲ್ಲ, ಎರಡು ಅಲೆಗಳ ನಡುವಿನ ಅವಧಿಯಲ್ಲಿದೆ. ಆಳದ ನೀರಿನಲ್ಲಿ ಅವಧಿಯ ಸೆಕೆಂಡುಗಳನ್ನು ವರ್ಗ ಮಾಡಿ 1.56ರಿಂದ ಗುಣಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. ಆ ಉದ್ದದ ಅರ್ಧದಷ್ಟು ಆಳದವರೆಗೆ ಅಲೆ ನೀರನ್ನು ಅಲುಗಿಸುತ್ತದೆ. ಸ್ಥಳೀಯ ಗಾಳಿ ಎಬ್ಬಿಸುವ 4 ಸೆಕೆಂಡಿನ ಅಲೆಯ ಉದ್ದ 25 ಮೀಟರ್, ಅದರ ಪ್ರಭಾವ 12 ಮೀಟರ್ ಆಳಕ್ಕೆ ಹೆಚ್ಚುಕಡಿಮೆ ಮುಗಿಯುತ್ತದೆ. ದೂರದಿಂದ ಬಂದ 12 ಸೆಕೆಂಡಿನ ಅಲೆಯ ಉದ್ದ ಸುಮಾರು 225 ಮೀಟರ್. ಅದು ನೂರು ಮೀಟರಿನಾಚೆಗೂ ಇಳಿಯುತ್ತದೆ, 10 ಮೀಟರ್ ಆಳದ ಮರಳನ್ನಂತೂ ಪೂರಾ ಕಲಕಿಬಿಡುತ್ತದೆ. ಹೀಗೆ ದೋಣಿಯ ಮೇಲಿಂದ ಶಾಂತವಾಗಿ ಕಾಣುವ ನೀರು ಒಳಗೆ ಬಗ್ಗಡವಾಗಿರಬಹುದು.

ಈ ಅಲೆ ದ್ವೀಪದ ಮೂಲೆ ಬಳಸಿ ಮರೆಗೂ ನುಗ್ಗುತ್ತದೆ. ಆಳ ಕಡಿಮೆಯಾದಲ್ಲಿ ಅಲೆಯ ವೇಗ ತಗ್ಗುತ್ತದೆ. ಒಂದು ಚಕ್ರ ಕೆಸರಿಗೆ ಸಿಕ್ಕ ಗಾಡಿ ಆ ಮಗ್ಗುಲಿಗೇ ತಿರುಗುವಂತೆ ಅಲೆಯ ಸಾಲೂ ದಡದತ್ತ ಬಾಗುತ್ತದೆ. ಬಾತ್ಸ್ ಇರುವುದು ವರ್ಜಿನ್ ಗೋರ್ಡಾದ ಪಶ್ಚಿಮ ಮಗ್ಗುಲಲ್ಲೇ ಆದರೂ ಉತ್ತರದ ಅಲೆ ಬಂದ ದಿನ ಅಲ್ಲಿನ ದೈತ್ಯ ಗ್ರಾನೈಟ್ ಬಂಡೆಗಳ ನಡುವೆ ಈಜುವುದು ಅಪಾಯ. ಕೆಂಪು ಬಾವುಟ ಹಾರುತ್ತಿದ್ದರೆ ಇಳಿಯಲೇಬಾರದು. ನಾರ್ಮನ್ ದ್ವೀಪಕ್ಕೆ ಉತ್ತರದಲ್ಲಿ ಟಾರ್ಟೋಲಾ ಅಡ್ಡವಾಗಿ ನಿಂತಿರುವುದರಿಂದ ಅಂಥ ದಿನಗಳಲ್ಲೂ ಅದು ಕೈಕೊಡುವುದು ಕಡಿಮೆ.

ರೋನ್ ವಿಷಯ ಬೇರೆ. 1867ರ ಅಕ್ಟೋಬರ್ 29ರಂದು ಚಂಡಮಾರುತಕ್ಕೆ ಸಿಕ್ಕಿ ಸಾಲ್ಟ್ ದ್ವೀಪದ ಬಂಡೆಗಪ್ಪಳಿಸಿ ಎರಡು ತುಂಡಾದ ಬ್ರಿಟಿಷ್ ಅಂಚೆ ಹಡಗು ಅದು. ಮುಂಭಾಗ ಸುಮಾರು 24 ಮೀಟರ್ ಆಳದಲ್ಲಿದೆ, ಅದು ಸ್ಕೂಬಾದವರಿಗೆ. ಹಿಂಭಾಗ ಮಾತ್ರ ಮೇಲೆ ತೇಲುವವರ ಕಣ್ಣಿಗೂ ಸಿಗುವಷ್ಟು ಎತ್ತರದಲ್ಲಿದೆ. ಆದರೆ ಜಾಗ ತೆರೆದ ಕಡಲಿಗೆ ಮುಖಮಾಡಿದೆ, ಸೆಳೆತವೂ ಇದೆ. ಗಾಳಿ ಆಗ್ನೇಯಕ್ಕೆ ತಿರುಗಿದ ದಿನ ಈಜು ಅಷ್ಟಕ್ಕಷ್ಟೇ ಬರುವವರನ್ನು ಅಲ್ಲಿ ಇಳಿಸಬಾರದು.

ಇನ್ನು ಬೆಳಕು. ಸೂರ್ಯ ನೆತ್ತಿಯ ಮೇಲಿದ್ದಾಗ ಶಾಂತ ನೀರು ನೂರಕ್ಕೆ ಎರಡರಷ್ಟು ಬೆಳಕನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ. ದಿಗಂತದಿಂದ 15 ಡಿಗ್ರಿ ಎತ್ತರದಲ್ಲಿದ್ದಾಗ ಐದರಲ್ಲೊಂದು ಪಾಲು ಮೇಲ್ಮೈಯಲ್ಲೇ ಹೊರಳಿ ಹೋಗುತ್ತದೆ. ಆದ್ದರಿಂದ ನೀರಿನ ಮೇಲೆ ಎದ್ದು ನಿಂತ ನಾಲ್ಕು ಬಂಡೆಗಳ ಇಂಡಿಯನ್ಸ್‌ಗೆ ಬೆಳಿಗ್ಗೆ ಹತ್ತರ ನಂತರ ಹೋಗುವುದು ಒಳ್ಳೆಯದು. ಬಂಡೆಗಳ ಬುಡ ಸುಮಾರು 15 ಮೀಟರ್ ಆಳಕ್ಕಿಳಿಯುತ್ತದೆ, ಅಲ್ಲಿಗೆ ಬೆಳಕು ಮುಟ್ಟಬೇಕು. ನಾರ್ಮನ್ ದ್ವೀಪದ ಪಶ್ಚಿಮ ತುದಿಯ ಗುಹೆಗಳನ್ನು ಮಧ್ಯಾಹ್ನದ ಊಟದ ನಂತರಕ್ಕೆ ಇಟ್ಟುಕೊಳ್ಳಿ, ಇಳಿಬಿಸಿಲು ಒಳಗೆ ತೂರುತ್ತದೆ.

ಈ ಗುಹೆಗಳಲ್ಲಿ ಆತುರಪಡಬೇಡಿ. ಬಾಯಿಯ ಬಳಿ ಹಳದಿ ಕಪ್ಪು ಪಟ್ಟೆಯ ಸಾರ್ಜೆಂಟ್ ಮೇಜರ್ ಮೀನುಗಳು ಮುತ್ತಿಕೊಳ್ಳುತ್ತವೆ. ಅವನ್ನು ದಾಟಿ ಒಳಗೆ ತೇಲಿ, ಕಣ್ಣು ಹೊಂದಿಕೊಳ್ಳಲು ಬಿಟ್ಟು, ಗೋಡೆಗೆ ಒಂದು ಮಾರು ದೂರದಲ್ಲಿ ನಿಲ್ಲಿ. ಗುಲಾಬಿ ಪಾಚಿಯ ಹೊದಿಕೆಯ ನಡುವೆ ಬೆರಳ ತುದಿಯಷ್ಟಗಲದ ಕಡು ಕಿತ್ತಳೆ ಬಟ್ಟಲುಗಳು ಗೊಂಚಲುಗೊಂಚಲಾಗಿ ಕಾಣುತ್ತವೆ. ಅವು ಬಟ್ಟಲು ಹವಳಗಳು. ಬಿಸಿಲಲ್ಲಿ ಬೆಳೆಯುವ ಹವಳಗಳು ಮೈಯೊಳಗೆ ಸಾಕಿಕೊಂಡ ಪಾಚಿಯಿಂದ ಆಹಾರ ಪಡೆಯುತ್ತವೆ. ಇವುಗಳಲ್ಲಿ ಆ ಪಾಚಿ ಇಲ್ಲವೇ ಇಲ್ಲ, ತೇಲಿ ಬರುವ ಸೂಕ್ಷ್ಮಜೀವಿಗಳನ್ನು ಕರಬಳ್ಳಿ ಚಾಚಿ ಹಿಡಿದು ತಿನ್ನುತ್ತವೆ. ಹಾಗಾಗಿಯೇ ಕತ್ತಲಲ್ಲೂ ಬದುಕು. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು, ಆಮೇಲೆ ಕಿತ್ತಳೆಯನ್ನು. ಇವು ಮೇಲ್ಮೈಗೆ ಹತ್ತಿರವೇ ಇರುವುದರಿಂದ ಆ ಬಣ್ಣ ಪೂರ್ತಿ ಕಣ್ಣಿಗೆ ದಕ್ಕುತ್ತದೆ. ಅಷ್ಟು ಚೆಂದದ ಈ ಜೀವಿ ಕೆರಿಬಿಯನ್ನಿನದಲ್ಲ, ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನಿಂದ ಬಂದು ನೆಲೆಯೂರಿದ ವಲಸಿಗ.

ಹಳೆಯ ಮಾರ್ಗದರ್ಶಿ ಪುಸ್ತಕದ ಚಿತ್ರಗಳನ್ನು ನಂಬಿ ಜಾಗ ಆರಿಸುವುದು ಈಗ ಸಾಧ್ಯವಿಲ್ಲ, ಇದನ್ನು ಬರೆಯುವಾಗ ಸಂಕಟವಾಗುತ್ತದೆ. 1983–84ರಲ್ಲಿ ಪಾಚಿ ಮೇಯ್ದು ಹವಳಕ್ಕೆ ಜಾಗ ತೆರವು ಮಾಡುತ್ತಿದ್ದ ಕಪ್ಪು ಸೀ ಅರ್ಚಿನ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸತ್ತವು. 2022ರಲ್ಲಿ ಮತ್ತೆ ಸಾಮೂಹಿಕ ಸಾವು. 2014ರಲ್ಲಿ ಫ್ಲಾರಿಡಾದಲ್ಲಿ ಕಂಡ ಹವಳದ ಅಂಗಾಂಶ ಕರಗಿಸುವ ರೋಗ 2019ರಲ್ಲಿ ಪಕ್ಕದ ಸೇಂಟ್ ಥಾಮಸ್ ಮುಟ್ಟಿತು. 2023ರಲ್ಲಿ ಕಡಲು ಬಿಸಿಯೇರಿ ಹವಳಗಳು ಬಿಳಿಚಿದವು. ಮೊನ್ನೆ ಮೊನ್ನೆ ಅಲ್ಲಿ ನೀರಿಗಿಳಿದ ಕ್ಯಾಪ್ಟನ್‌ನ ಮಾತಿಗಿಂತ ದೊಡ್ಡ ನಕ್ಷೆ ಬೇರೆ ಇಲ್ಲ. ಯಾವ ಜಾಗದಲ್ಲಿ ಜೀವಂತ ಹವಳ ಹೆಚ್ಚಿದೆ, ಎಲ್ಲಿ ಮೀನು ನೆರೆದಿದೆ ಎಂದು ಹೊರಡುವ ಮೊದಲೇ ಕೇಳಿ.

ಲಂಗರಿನ ಸರಪಳಿ ಹವಳವನ್ನು ಉಜ್ಜಿ ಹಾಕುತ್ತದೆಂದು ಇಲ್ಲಿನ ರಾಷ್ಟ್ರೀಯ ಉದ್ಯಾನ ಸಂಸ್ಥೆ ದೋಣಿ ಕಟ್ಟಲು ತೇಲುಬುರುಡೆಗಳನ್ನು ಹಾಕಿದೆ. ಅವು ಹಗಲಿಗೆ ಮಾತ್ರ, ಬೇಗ ತುಂಬಿಬಿಡುತ್ತವೆ. ಖಾಲಿ ಇಲ್ಲದಿದ್ದರೆ ಕಾಯಿರಿ ಅಥವಾ ಮುಂದಿನ ಜಾಗಕ್ಕೆ ಹೋಗಿ. ಒಂದೆರಡು ಮೀಟರ್ ಆಳದಲ್ಲಿ ಜಿಂಕೆಯ ಕೊಂಬಿನಂತೆ ಕವಲೊಡೆದ ಕಂದು ಎಲ್ಕ್‌ಹಾರ್ನ್ ಹವಳ ಕಂಡರೆ ಅದರ ಮೇಲೆ ತೇಲದೆ ಮರಳಿನ ಬದಿಯಿಂದ ನೋಡಿ. ರೋಗಕ್ಕೆ ಬಹುಪಾಲು ಅಳಿದು 2006ರಿಂದ ಅಮೆರಿಕದ ಸಂರಕ್ಷಣಾ ಪಟ್ಟಿಯಲ್ಲಿರುವ ಇದರ ಕೊಂಬೆ ಚೆನ್ನಾಗಿ ಬೆಳೆದರೆ ವರ್ಷಕ್ಕೆ 5ರಿಂದ 10 ಸೆಂಟಿಮೀಟರ್. ಕಾಲಿನ ಫಿನ್ ತಾಗಿ ಗೇಣುದ್ದದ ತುಂಡು ಮುರಿದರೆ ಅಷ್ಟು ಮತ್ತೆ ಬೆಳೆಯಲು ಎರಡರಿಂದ ನಾಲ್ಕೈದು ವರ್ಷ ಬೇಕು.