ಕಿತ್ತಳೆ ತೋಟದಲ್ಲಿ ಎದ್ದ ಡಿಸ್ನಿಲ್ಯಾಂಡ್

ಹೆಣ್ಣುಮಕ್ಕಳಿಬ್ಬರನ್ನು ಗಿರಗಿರ ತಿರುಗುವ ಮರದ ಕುದುರೆ ಮೇಲೆ ಕೂರಿಸಿ, ತಾನು ಬೆಂಚಿನಲ್ಲಿ ಕಡಲೆಕಾಯಿ ತಿನ್ನುತ್ತ ಕಾಯುತ್ತಿದ್ದ ಅಪ್ಪ ವಾಲ್ಟ್ ಡಿಸ್ನಿ. ಮಕ್ಕಳ ಜತೆ ದೊಡ್ಡವರೂ ಆಡುವ ಜಾಗ ಯಾಕಿಲ್ಲ? ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕ್‌ನಲ್ಲಿ ಹೊಳೆದ ಈ ಪ್ರಶ್ನೆಯೇ ಡಿಸ್ನಿಲ್ಯಾಂಡ್‌ಗೆ ಮೂಲ.

ಆದರೆ ದುಡ್ಡು? ಕಂಪನಿಯ ಹಣಕಾಸು ನೋಡುತ್ತಿದ್ದ ಅಣ್ಣ ರಾಯ್ ಹಿಂಜರಿದರು. ವಾಲ್ಟ್ ತಮ್ಮ ಜೀವವಿಮೆಯ ಮೇಲೆ ಸಾಲ ಎತ್ತಿದರು. ಕೊನೆಗೆ ಎಬಿಸಿ ಟಿವಿ, ವಾರಕ್ಕೊಂದು ಕಾರ್ಯಕ್ರಮ ಮಾಡಿಕೊಟ್ಟರೆ ಪಾರ್ಕ್‌ಗೆ ಹಣ ಹಾಕುವುದಾಗಿ ಒಪ್ಪಿತು. ಅನಾಹೈಮ್‌ನ 160 ಎಕರೆ ತೋಟದಲ್ಲಿ ಒಂದೇ ವರ್ಷಕ್ಕೆ ಪಾರ್ಕ್ ಎದ್ದಿತು. ಖರ್ಚು 1.7 ಕೋಟಿ ಡಾಲರ್.

1955ರ ಜುಲೈ 17ರ ಉದ್ಘಾಟನೆಯಂತೂ ಪೂರಾ ಫಜೀತಿ. ನಕಲಿ ಟಿಕೆಟ್ ಹಿಡಿದವರೂ ನುಗ್ಗಿದರು. ಸುಡುಬಿಸಿಲಿಗೆ ಹೊಸ ಡಾಂಬರು ಮೆತ್ತಗಾಗಿ ಹೈಹೀಲ್ಸ್ ಹೂತುಕೊಂಡವು. ಪ್ಲಂಬರ್‌ಗಳ ಮುಷ್ಕರದಿಂದಾಗಿ ಕುಡಿಯುವ ನೀರಿನ ನಲ್ಲಿಯೋ ಶೌಚಾಲಯವೋ ಎಂಬ ಪ್ರಶ್ನೆ ಬಂದಾಗ, ವಾಲ್ಟ್ ಶೌಚಾಲಯ ಎಂದಿದ್ದರು (ಸರಿಯಾದ ನಿರ್ಧಾರವೇ ಬಿಡಿ!). ಪತ್ರಿಕೆಗಳು ಬೈದವು. ಜನ ಮಾತ್ರ ಬರುತ್ತಲೇ ಇದ್ದರು. ಏಳೇ ವಾರಗಳಲ್ಲಿ 10 ಲಕ್ಷ ಮಂದಿ.

ಆ ಹುಚ್ಚು ಇನ್ನೂ ಇಳಿದಿಲ್ಲ. ಕೆಲಸವಿಲ್ಲದೆ ಕೂತಿದ್ದ ಅಭಿಮಾನಿಯೊಬ್ಬ 2012ರ ಜನವರಿ 1ರಿಂದ ದಿನಾ ಅಲ್ಲಿಗೆ ಹೋಗತೊಡಗಿದ. ಕೆಲಸ ಹುಡುಕುವಾಗಿನ ಖಾಲಿ ದಿನಗಳು ಎಷ್ಟು ಉದ್ದ ಅಂತ ನಮಗೂ ಗೊತ್ತಲ್ಲ! ಮುಂದೆ ನೌಕರಿ ಸಿಕ್ಕಿದರೂ ಬಿಡಲಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಗೇಟು ಮುಚ್ಚುವವರೆಗೆ, ಸತತ 2,995 ದಿನ. ಅದೀಗ ಗಿನ್ನೆಸ್ ದಾಖಲೆ.

ಹಳೇ ಅಭಿಮಾನಿಗಳು ಒಳಗೆ ಕಾಲಿಟ್ಟ ಕೂಡಲೇ ತಲೆಯೆತ್ತಿ ಹುಡುಕುವುದು ಅಗ್ನಿಶಾಮಕ ಠಾಣೆಯ ಮಹಡಿಯ ಕಿಟಕಿಯನ್ನು. ಅಲ್ಲಿನ ಪುಟ್ಟ ಮನೆಯಲ್ಲಿ ವಾಲ್ಟ್ ತಂಗುತ್ತಿದ್ದರು. 1966ರಲ್ಲಿ ತೀರಿಕೊಂಡ ಅವರ ನೆನಪಿಗೆ ಆ ಕಿಟಕಿಯಲ್ಲಿ ಈಗಲೂ ದೀಪ ಉರಿಯುತ್ತದೆ.