ಗಾಳಿಯಂತ್ರದೊಡನೆ ನಿದ್ದೆಯ ನಂಟು

ಗೊರಕೆ ಹೊಡೆಯುವವರೆಂದರೆ ನಮ್ಮಲ್ಲಿ ಸುಖನಿದ್ರೆಯವರು. 'ಕುಂಭಕರ್ಣ' ಎಂದು ಮನೆಮಂದಿ ನಗುತ್ತಾರೆ. ಪಕ್ಕದಲ್ಲಿ ಮಲಗಿದ ಹೆಂಡತಿಗೆ ಮಾತ್ರ ನಗು ಬರುವುದಿಲ್ಲ. ಏರುತ್ತಾ ಹೋದ ಗೊರಕೆ ಥಟ್ಟನೆ ನಿಲ್ಲುತ್ತದೆ. ಎದೆ ಏರಿಳಿಯುತ್ತಿದ್ದರೂ ಉಸಿರಿನ ಸದ್ದಿಲ್ಲ. ಆಕೆ ಮನಸ್ಸಿನಲ್ಲೇ ಎಣಿಸುತ್ತಾಳೆ: ಹತ್ತು, ಇಪ್ಪತ್ತು, ಮೂವತ್ತು. ತೋಳು ಹಿಡಿದು ಅಲುಗಿಸುವಷ್ಟರಲ್ಲಿ ಯಜಮಾನರು ಬೆಚ್ಚಿ, ಒಮ್ಮೆ ಜೋರಾಗಿ ಗಾಳಿ ಎಳೆದುಕೊಂಡು ಮತ್ತೆ ಗೊರಕೆಗಿಳಿಯುತ್ತಾರೆ. ಬೆಳಿಗ್ಗೆ ಕೇಳಿದರೆ ಅವರಿಗೇನೂ ನೆನಪಿಲ್ಲ. 'ಎಂಟು ಗಂಟೆ ಮಲಗಿದ್ದೆನಲ್ಲ, ಆದರೂ ಯಾಕೋ ತಲೆ ಭಾರ' ಎನ್ನುತ್ತಾರಷ್ಟೆ.

ಇದು ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ. ನಿದ್ದೆ ಹತ್ತಿದಾಗ ದೇಹದ ಸ್ನಾಯುಗಳು ಸಡಿಲಗೊಳ್ಳುತ್ತವೆ. ಗಂಟಲಿನ ದಾರಿ ಮೊದಲೇ ಕಿರಿದಾಗಿದ್ದವರಲ್ಲಿ ನಾಲಿಗೆಯ ಬುಡ ಮತ್ತು ಕಿರುನಾಲಿಗೆಯ ಸುತ್ತಲಿನ ಮೆದುಭಾಗ ಕುಸಿದು ಆ ದಾರಿಯನ್ನು ಮುಚ್ಚುತ್ತವೆ. ಹತ್ತು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹೊತ್ತು ಉಸಿರು ನಿಂತರೆ ಒಂದು ಲೆಕ್ಕ. ಉಸಿರು ನಿಲ್ಲುವುದು ಅಥವಾ ತೀರಾ ತಗ್ಗುವುದು ಗಂಟೆಗೆ 30 ಸಲ ಮುಟ್ಟಿದರೆ ತೊಂದರೆ ತೀವ್ರವೆಂದರ್ಥ. ಎಂದರೆ ಎರಡು ನಿಮಿಷಕ್ಕೊಮ್ಮೆ ಮೆದುಳು ಎಚ್ಚರಗೊಳ್ಳಬೇಕು! ಇಂಥ ನಿದ್ದೆ ಹಗಲಿನಲ್ಲಿ ಸಾಲ ವಸೂಲು ಮಾಡುತ್ತದೆ. ವಾಹನ ನಡೆಸುವವರ ಪಾಲಿಗೆ ಆ ತೂಕಡಿಕೆ ಪ್ರಾಣದ ಪ್ರಶ್ನೆ. ರಕ್ತದೊತ್ತಡಕ್ಕೂ ಇದಕ್ಕೂ ನಂಟಿದೆ.

ಒಂದು ಕಾಲದಲ್ಲಿ ತೀವ್ರ ತೊಂದರೆಗೆ ಕತ್ತಿನಲ್ಲಿ ರಂಧ್ರ ಕೊರೆಯುವ ಶಸ್ತ್ರಚಿಕಿತ್ಸೆಯೇ ಮುಖ್ಯ ಉಪಾಯವಾಗಿತ್ತು. 1980ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಡಾ. ಕಾಲಿನ್ ಸಲ್ಲಿವನ್ ಬೇರೆ ದಾರಿ ಹುಡುಕಿದರು. ಧೂಳು ಹೀರುವ ಯಂತ್ರದ ಮೋಟಾರನ್ನು ಗಾಳಿ ಊದುವಂತೆ ತಿರುಗಿಸಿ, ರೋಗಿಯ ಮೂಗಿಗೆ ಮಾಸ್ಕ್ ತೊಡಿಸಿದರು. ಉಸಿರು ಕಟ್ಟುವುದು ನಿಂತಿತು. ಐವರು ರೋಗಿಗಳ ಮೇಲಿನ ಈ ಪ್ರಯೋಗ 1981ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂದಿನ 'ಸಿಪ್ಯಾಪ್' ಯಂತ್ರದ ಮೂಲ ಇದೇ. ಆರಂಭದ ಬಳಕೆದಾರರು ಪ್ರತಿ ರಾತ್ರಿ ಮಾಸ್ಕನ್ನು ಮುಖಕ್ಕೆ ಅಂಟಿಸಿಕೊಳ್ಳಬೇಕಿತ್ತು!

ಯಂತ್ರದಿಂದ ಬರುವುದು ಆಮ್ಲಜನಕವೆಂಬ ತಪ್ಪು ಕಲ್ಪನೆ ಹಲವರಿಗಿದೆ. ಬರುವುದು ಕೋಣೆಯ ಗಾಳಿಯೇ, ಕೊಂಚ ಒತ್ತಡದೊಂದಿಗೆ. ಒಂದು ಎತ್ತರದ ಲೋಟದ ನೀರಿನಲ್ಲಿ ಸ್ಟ್ರಾ ಅದ್ದಿ, ಅದರ ತುದಿ 10 ಸೆಂ.ಮೀ. ಆಳದಲ್ಲಿರುವಂತೆ ಹಿಡಿದು ಊದಿ ನೋಡಿ. ಗುಳ್ಳೆ ಹೊರಡಿಸಲು ಎಷ್ಟು ಒತ್ತಡ ಬೇಕೋ ಹೆಚ್ಚುಕಡಿಮೆ ಅಷ್ಟೇ ಒತ್ತಡ ಕುಸಿಯುವ ಗಂಟಲನ್ನು ತೆರೆದಿಡುತ್ತದೆ. ಸಾಮಾನ್ಯವಾಗಿ ಯಂತ್ರದ ಒತ್ತಡ 4ರಿಂದ 20 ಸೆಂ.ಮೀ. ನೀರಿನ ಮಟ್ಟದವರೆಗೆ ಇರುತ್ತದೆ. ಯಾರಿಗೆಷ್ಟು ಎಂಬುದನ್ನು ನಿದ್ರಾ ಪರೀಕ್ಷೆ ನೋಡಿ ವೈದ್ಯರು ನಿರ್ಧರಿಸುತ್ತಾರೆ.

ಅಟ್ಟ ಸೇರದಿರಲಿ

ಕಷ್ಟವಿರುವುದು ಯಂತ್ರ ಮನೆಗೆ ಬಂದ ಮೇಲೆ. ಮೊದಲ ರಾತ್ರಿ ಮೂಗಿಗೆ ಕುಕ್ಕೆ ಕಟ್ಟಿದ ಎತ್ತಿನ ಪಾಡು. ಗಾಳಿಗೆ ಎದುರಾಗಿ ಉಸಿರು ಬಿಡಬೇಕು, ಕೊಳವೆ ಹೊರಳಲು ಬಿಡದು, ಬಾಯಿ ಒಣಗುತ್ತದೆ. ನಡುರಾತ್ರಿ ನಿದ್ದೆಗಣ್ಣಿನಲ್ಲೇ ಕಿತ್ತು ಬಿಸುಟಿರುತ್ತಾರೆ. ಒಂದು ವಾರ ಕಳೆಯುವಷ್ಟರಲ್ಲಿ ಎಷ್ಟೋ ಯಂತ್ರಗಳು ಅಟ್ಟ ಸೇರುತ್ತವೆ. ಮಾತ್ರೆಯಂತೆ ನುಂಗಿ ಮರೆಯುವ ಚಿಕಿತ್ಸೆ ಇದಲ್ಲ. ಹಾಕಿಕೊಂಡ ರಾತ್ರಿಗಷ್ಟೇ ಫಲ. ಆದ್ದರಿಂದ ರೂಢಿ ಮಾಡಿಕೊಳ್ಳುವುದೇ ಚಿಕಿತ್ಸೆಯ ಅರ್ಧಭಾಗ.

ಅಭ್ಯಾಸ ಹಗಲಿನಲ್ಲೇ ಆರಂಭವಾಗಲಿ. ಮೊದಲು ಪಟ್ಟಿ ಕಟ್ಟದೆ, ಮಾಸ್ಕನ್ನು ಕೈಯಲ್ಲಿ ಹಿಡಿದು ಮೂಗಿಗೆ ಒತ್ತಿಕೊಂಡು ಉಸಿರಾಡಬೇಕು. ಬಳಿಕ ಕಟ್ಟಿಕೊಂಡು, ಟಿ.ವಿ. ನೋಡುತ್ತಲೋ ಪತ್ರಿಕೆ ಓದುತ್ತಲೋ ಅರ್ಧ ಗಂಟೆ ಕೂರಬೇಕು. ಮಧ್ಯಾಹ್ನದ ಕಿರುನಿದ್ದೆಗೂ ಅದು ಬೇಕು. ಕಡಿಮೆ ಒತ್ತಡದಿಂದ ಶುರುವಾಗಿ ನಿಧಾನಕ್ಕೆ ಏರುವ ಸೌಲಭ್ಯ ಯಂತ್ರದಲ್ಲೇ ಇರುತ್ತದೆ. ಮಾಸ್ಕಿನ ಪಟ್ಟಿಯನ್ನು ಮಲಗಿಕೊಂಡು, ಗಾಳಿ ಬರುತ್ತಿರುವಾಗಲೇ ಸರಿಪಡಿಸಬೇಕು. ಬಿಗಿದಷ್ಟೂ ಸೋರದೆಂಬುದು ಭ್ರಮೆ. ಮೂಗಿನ ಮೇಲೆ ಗಾಯವಾಗುತ್ತದೆ. ಗಾಳಿ ಹೊರಹೋಗಲೆಂದೇ ಮಾಸ್ಕಿನಲ್ಲಿರುವ ಸಣ್ಣ ತೂತುಗಳನ್ನು ಮುಚ್ಚಕೂಡದು. ಗಡ್ಡವಿದ್ದವರು, ಬಾಯಿ ತೆರೆದು ಮಲಗುವವರು ಬೇರೆ ಬಗೆಯ ಮಾಸ್ಕ್ ಕೇಳಿ ಪಡೆಯಬಹುದು. ಬಾಯಿ ಒಣಗುವವರಿಗೆ ಗಾಳಿಗೆ ತೇವ ಕೂಡಿಸುವ ನೀರಿನ ತೊಟ್ಟಿಯಿದೆ. ಅದಕ್ಕೆ ಭಟ್ಟಿ ಇಳಿಸಿದ ನೀರು ಹಾಕಿ, ಬೆಳಿಗ್ಗೆ ಉಳಿದದ್ದನ್ನು ಚೆಲ್ಲಬೇಕು. ಮಾಸ್ಕಿನ ಮೆತ್ತೆಯನ್ನು ದಿನವೂ ಸಾಬೂನು ನೀರಿನಲ್ಲಿ ತೊಳೆಯಬೇಕು. ಕರೆಂಟು ಕೈಕೊಡುವ ಊರುಗಳಲ್ಲಿ ಯು.ಪಿ.ಎಸ್. ಇದ್ದರೆ ನೆಮ್ಮದಿ.

ಇನ್ನು ಸಂಕೋಚ. ನೆಂಟರ ಮದುವೆಗೆ ಹೋಗಿ, ಛತ್ರದಲ್ಲಿ ಹತ್ತು ಜನರ ನಡುವೆ ಈ 'ಸೊಂಡಿಲು' ತೊಟ್ಟು ಮಲಗುವುದು ಹೇಗೆ? ಕನ್ನಡಕ ಹಾಕಿಕೊಳ್ಳಲು ಯಾರೂ ನಾಚುವುದಿಲ್ಲವಲ್ಲ! ಗೊರಕೆಯಿಂದ ಹತ್ತು ಜನರ ನಿದ್ದೆ ಕೆಡಿಸುವುದಕ್ಕಿಂತ ಇದು ಮೇಲು.

ತೂಕ ಇಳಿಸುವುದು, ಮದ್ಯ ಬಿಡುವುದು ಇವೆಲ್ಲ ಜೊತೆಜೊತೆಗೇ ನಡೆಯಬೇಕು. ರೂಢಿಯಾಗಲು ಕೆಲವರಿಗೆ ಕೆಲವೇ ದಿನ ಸಾಕು, ಕೆಲವರಿಗೆ ತಿಂಗಳುಗಳೇ ಬೇಕು. ತಾಳ್ಮೆಗೆಟ್ಟು ಬಿಡುವ ಮೊದಲು ವೈದ್ಯರನ್ನು ಮತ್ತೊಮ್ಮೆ ಕಾಣುವುದು ಲೇಸು.

ಮೊದಮೊದಲು ಹೆಂಡತಿಗೂ ಇದು ಹೊಸತು. ಗೊರಕೆ ಕೇಳದ್ದಕ್ಕೇ ಗಾಬರಿಯಾಗಿ ಎದ್ದು, ಗಂಡನ ಎದೆಯ ಮೇಲೆ ಕೈಯಿಟ್ಟು ನೋಡುತ್ತಾಳೆ. ಎದೆ ಸಮನಾಗಿ ಏರಿಳಿಯುತ್ತಿದೆ. ಇನ್ನು ಆಕೆ ಎಣಿಸಬೇಕಾಗಿಲ್ಲ, ಮಗ್ಗುಲಾಗಿ ನಿದ್ದೆಹೋಗಬಹುದು.