ಹಳ್ಳಿಯ ದಾರಿಯಲ್ಲಿ ಒಂದು ಹಗಲು

ಅರುವತ್ತರ ವಯಸ್ಸಿನಲ್ಲಿ ಏಕಾಕಿಗಳಾಗಿ ಕಾರು ನಡೆಸಿಕೊಂಡು ಹೋಗುವುದು ಉಚಿತವಲ್ಲವೆಂದು ಮನೆಯವರು ಆಕ್ಷೇಪಿಸಿದರು. ಆದರೂ ಪುಷ್ಯಮಾಸದ ಒಂದು ಪ್ರಾತಃಕಾಲ ಮೈಸೂರನ್ನು ಬಿಟ್ಟು ಬನ್ನೂರಿನ ಮಾರ್ಗವಾಗಿ ಹೊರಟೆವು. ಕ್ರಿ. ಶ. 1258ರಲ್ಲಿ ಹೊಯ್ಸಳ ದಂಡನಾಯಕನಾದ ಸೋಮನಾಥನು ಕಟ್ಟಿಸಿದ ಸೋಮನಾಥಪುರದ ಕೇಶವಾಲಯವನ್ನು ಕಂಡೆವು. 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ದೇವಾಲಯಕ್ಕೆ ಮೂರು ಗರ್ಭಗೃಹಗಳುಂಟು. ಕೇಶವನ ಮೂಲವಿಗ್ರಹ ಮಾತ್ರ ಈಗ ಇಲ್ಲ.

ಅಲ್ಲಿಂದ ತಿರುಮಕೂಡಲು ನರಸೀಪುರದತ್ತ ಒಳದಾರಿ ಹಿಡಿದೆವು. ಒಂದು ಹಳ್ಳಿಯ ಬಳಿ ರಸ್ತೆಯ ತುಂಬ ಒಣಗಿದ ಹುರುಳಿಗಿಡಗಳನ್ನು ಹರಡಿದ್ದರು; ಹೋಗಿಬರುವ ವಾಹನಗಳ ಚಕ್ರಗಳೇ ಅದನ್ನು ಒಕ್ಕಬೇಕು. ಮನಸ್ಸಿನಲ್ಲೇ ಬೈಯುತ್ತ ಅದರ ಮೇಲೆ ಸಾಗಿದೆವು. ಒಂದು ಫರ್ಲಾಂಗು ಹೋಗುವಷ್ಟರಲ್ಲಿ ಸುಟ್ಟ ವಾಸನೆ! ಗಿಡಗಳು ಕಾರಿನ ತಳಕ್ಕೆ ಸುತ್ತಿಕೊಂಡು ಅಲ್ಲಿಯ ಕಾವಿಗೆ ಹೊಗೆಯಾಡತೊಡಗಿದ್ದವು. ನಾವು ಇಳಿದು ದಿಙ್ಮೂಢರಾಗಿ ನಿಂತಿರಲು, ಹಿಂದಿನಿಂದ ಓಡಿಬಂದ ಮುದುಕನೊಬ್ಬನು ನೆಲದ ಮೇಲೆ ಮಲಗಿ, ಕೋಲಿನಿಂದ ಎಲ್ಲವನ್ನೂ ಎಳೆದುಹಾಕಿದನು.

“ತಪ್ಪಾಯ್ತು ಸ್ವಾಮಿ. ಕಣ ಮಾಡೋಕೆ ಜಾಗ ಇಲ್ಲ, ತುಳಿಸೋಕೆ ಎತ್ತೂ ಇಲ್ಲ” ಎಂದನು.

ಗದರಿಸಬೇಕೆಂದಿದ್ದ ಮಾತು ಗಂಟಲಿನಲ್ಲಿಯೇ ಉಳಿಯಿತು. ನಮಗಿಂತ ಹತ್ತು ವರ್ಷ ಹಿರಿಯನಾದರೂ ಇದ್ದಾನು. ಅವನ ಅಂಗೈ ಸುಟ್ಟು ಕೆಂಪಾಗಿದ್ದಿತು. ಕುಡಿಯಲೆಂದು ತಂದಿದ್ದ ನೀರನ್ನು ಅದರ ಮೇಲೆ ಸುರಿದೆವು.

ಸಂಜೆ ಮನೆಯಲ್ಲಿ ಏನನ್ನೂ ಮುಚ್ಚಿಡದೆ ಹೇಳಿದೆವು. ಸುಗ್ಗಿಯ ಕಾಲದಲ್ಲಿ ಹಳ್ಳಿಯ ದಾರಿಗೆ ಹೋಗುವ ವಾಚಕರಿಗೆ ನಮ್ಮ ವಿಜ್ಞಾಪನೆಯಿಷ್ಟೆ: ಒಕ್ಕಣೆಯನ್ನು ಕಂಡೊಡನೆ ನಿಲ್ಲಿಸಿ, ಕೊಂಚ ಬದಿಗೆ ಸರಿಸುವಂತೆ ಕೇಳಿರಿ, ಸಾಧ್ಯವಿಲ್ಲದಿದ್ದರೆ ಮೆಲ್ಲನೆ ದಾಟಿ, ಇಳಿದು ತಳವನ್ನು ನೋಡಿರಿ.